ಮಳೆಪುಸ್ತಕದ ಅಂಚಿನಲ್ಲಿ 2025: ಟಾಕೀಸು, ಮನೆ, ಮಂಟಪ, ರಂಗಮಂದಿರ

ನಮ್ಮ ಮನೆಯಲ್ಲೊಂದು ಮಳೆಪುಸ್ತಕ ಇದೆ. ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಸಾಮಾನ್ಯವಾಗಿ ಇರುವಂಥದ್ದೇ. ಬೆಳಗ್ಗೆ ಎದ್ದ ಕೂಡಲೇ ಅಂಗಳದ ಮಳೆಮಾಪಕದಲ್ಲಿ ನಿಂತ ನೀರನ್ನು ಅಳೆದು, ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿ ತಾರೀಕಿನ ಎದುರು ಬರೆದಿಡುವುದು. ಮೊದಲು ಮಾವ ಬರೆಯುತ್ತಿದ್ದರು, ಅವರು ತೀರಿಕೊಂಡ ಮೇಲೆ ನಾನು ಬರೆಯುತ್ತಿದ್ದೇನೆ. 2025ರ ಜನವರಿಯಲ್ಲಿ ಅದೇ ಪುಸ್ತಕದ ಅಂಚಿನಲ್ಲಿ ಇನ್ನೊಂದು ಲೆಕ್ಕ ಶುರು ಮಾಡಿದೆ. ಈ ದಿನ ಯಾವ ನಾಟಕ ಅಥವಾ ಸಿನಿಮಾ ನೋಡಿದೆ, ಎಲ್ಲಿ, ಯಾರ ಜೊತೆ, ಎಷ್ಟು ಖರ್ಚಾಯಿತು ಎಂದು. ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದ ವರ್ಷವದು. ಮಗಳ ಫೀಸು ಕಟ್ಟಿ, ಮನೆಯ ಮಾಡಿನ ರಿಪೇರಿ ಮುಗಿಸಿದ ಮೇಲೂ ನನ್ನ ಈ ಒಂದು ಆಸೆಗೆ ದುಡ್ಡು ಉಳಿದಿತ್ತು.

ವರ್ಷ ಮುಗಿಯುವಾಗ ಒಟ್ಟು ಮೂವತ್ತೊಂದು ನಮೂದುಗಳಾಗಿದ್ದವು. ಹತ್ತೊಂಬತ್ತು ಮನೆಯಲ್ಲಿ, ಟಿವಿ ಅಥವಾ ಮೊಬೈಲಿನಲ್ಲಿ. ಐದು ಪೇಟೆಯ ಟಾಕೀಸಿನಲ್ಲಿ. ಎರಡು ಮೈಸೂರಿನ ಮಲ್ಟಿಪ್ಲೆಕ್ಸಿನಲ್ಲಿ. ನಾಲ್ಕು ನಾಟಕ. ಒಂದು ಮಡಿಕೇರಿಯ ದಶಮಂಟಪ.

ಡಿಸೆಂಬರಿನ ಕೊನೆಯ ವಾರ ಮಗಳು ರಜೆಗೆ ಬಂದಾಗ ಪುಸ್ತಕವನ್ನು ಅವಳ ಕೈಗೆ ಕೊಟ್ಟೆ. ಅವಳು ತಾರೀಕು ಮತ್ತು ಜಾಗ ಮಾತ್ರ ಓದಬೇಕು, ಅಂದು ನೋಡಿದ್ದರಲ್ಲಿ ಏನು ನೆನಪಿದೆ ಎಂದು ನಾನು ಹೇಳಬೇಕು. ಯಾವುದು ಒಳ್ಳೆಯ ಸಿನಿಮಾ, ಯಾವುದು ಕೆಟ್ಟದ್ದು ಎಂಬ ಪರೀಕ್ಷೆಯಲ್ಲ ಇದು. ನೂರೈವತ್ತು ಕಿಲೋಮೀಟರ್ ಹೋಗಿ ನೋಡಿದ್ದು, ಸೋಫಾದ ಮೇಲೆ ಕುಳಿತು ನೋಡಿದ್ದು, ಬೀದಿಯಲ್ಲಿ ನಿಂತು ನೋಡಿದ್ದು, ಇವುಗಳಲ್ಲಿ ಯಾವುದು ನನ್ನೊಳಗೆ ಉಳಿಯಿತು ಎಂದು ತಿಳಿಯಬೇಕಿತ್ತು.

ಮೊಬೈಲಿನ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಮನೆಯಲ್ಲಿ ನೋಡಿದ ಹತ್ತೊಂಬತ್ತರಲ್ಲಿ ನಾಲ್ಕರ ಬಗ್ಗೆ ಮಾತ್ರ ಏನಾದರೂ ಹೇಳಲು ನನಗೆ ಸಾಧ್ಯವಾಯಿತು. ಎರಡರ ಹೆಸರು ಕೇಳಿದರೂ ಕಥೆ ನೆನಪಾಗಲಿಲ್ಲ. ಒಂದನ್ನಂತೂ ನೋಡಿಯೇ ಇಲ್ಲ ಎಂದು ವಾದಿಸಿದೆ, ಮಗಳು ನನ್ನದೇ ಅಕ್ಷರವನ್ನು ತೋರಿಸಿದಳು. ಸಾರಿಗೆ ಒಗ್ಗರಣೆ ಹಾಕುತ್ತಾ, ಕೂಲಿಯವರ ಲೆಕ್ಕ ನೋಡುತ್ತಾ, ಅರ್ಧಕ್ಕೆ ನಿಲ್ಲಿಸಿ ನಾಳೆ ಮುಂದುವರಿಸುತ್ತಾ ನೋಡಿದ್ದು ಹಾಗೆಯೇ ಹೋಗುತ್ತದೆ. ಆದರೆ ಮನೆಯಲ್ಲಿ ನೋಡುವುದನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದಕ್ಕೆ ಕಾರಣ ಒಂದೇ ಒಂದು ಸಂಜೆ.

ಜುಲೈ 25ರಂದು ‘ಸು ಫ್ರಮ್ ಸೋ’ ಬಿಡುಗಡೆಯಾಯಿತು. ದೊಡ್ಡ ಪ್ರಚಾರವಿಲ್ಲದೆ, ನೋಡಿದವರು ನೋಡದವರಿಗೆ ಹೇಳಿಯೇ ಓಡಿದ ಸಿನಿಮಾ. ಇದನ್ನು ನಾನು ಎರಡು ಸಲ ನೋಡಿದೆ, ಒಮ್ಮೆ ಟಾಕೀಸಿನಲ್ಲಿ, ಒಮ್ಮೆ ಮನೆಯಲ್ಲಿ. ಸಿನಿಮಾ ಅದೇ ಆದ್ದರಿಂದ ಹೋಲಿಕೆಗೆ ಇದಕ್ಕಿಂತ ನೇರವಾದ ಉದಾಹರಣೆ ನನ್ನ ಬಳಿ ಇಲ್ಲ.

ಟಾಕೀಸಿಗೆ ಹೋದದ್ದು ಆಗಸ್ಟ್ 3ರ ಭಾನುವಾರ. ಅಂದು ಕಕ್ಕಡ ಹದಿನೆಂಟು, ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ. ಮದ್ದು ಸೊಪ್ಪಿನ ಪಾಯಸ ಉಂಡು, ನೇರಳೆ ಬಣ್ಣಕ್ಕೆ ತಿರುಗಿದ ನಾಲಿಗೆಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು, ಮಧ್ಯಾಹ್ನದ ಆಟಕ್ಕೆ ಜೀಪಿನಲ್ಲಿ ಹೊರಟೆವು. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದಿತ್ತು. ಆಗಸ್ಟಿನ ಹೊತ್ತಿಗೆ ನಮ್ಮ ಬಟ್ಟೆ, ಗೋಡೆ, ಬೆಂಕಿಪೆಟ್ಟಿಗೆ ಎಲ್ಲವೂ ತೇವ. ಟಾಕೀಸಿನ ಒಳಗೆ ಕೊಡೆಗಳನ್ನು ಕುರ್ಚಿಗಳ ನಡುವೆ ಒರಗಿಸಿ ಇಟ್ಟಿದ್ದರು. ಅವುಗಳಿಂದ ಇಳಿದ ನೀರು ಇಳಿಜಾರಿನ ನೆಲದಲ್ಲಿ ಸಣ್ಣ ತೋಡಿನಂತೆ ಪರದೆಯ ಕಡೆಗೆ ಹರಿಯುತ್ತಿತ್ತು. ಒದ್ದೆ ಸ್ವೆಟರಿನ ವಾಸನೆ, ಕಡಲೆಕಾಯಿಯ ವಾಸನೆ. ಮಳೆ ಜೋರಾದಾಗ ಶೀಟಿನ ಮಾಡಿನ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಆಗ ಮುಂದಿನ ಸಾಲಿನವರು ನಕ್ಕರೆ, ಯಾಕೆಂದು ತಿಳಿಯದೆ ನಾವೂ ನಗುತ್ತಿದ್ದೆವು. ಒಂದು ನಗು ಮುಗಿಯುವಷ್ಟರಲ್ಲಿ ಮುಂದಿನ ಎರಡು ಮಾತು ಹೋಗಿಬಿಡುತ್ತಿದ್ದವು. ನನ್ನ ಪಕ್ಕದಲ್ಲಿ ಕುಳಿತಿದ್ದ, ಗುರುತು ಪರಿಚಯವಿಲ್ಲದ ಹೆಂಗಸೊಬ್ಬರು ನಗು ತಡೆಯಲಾಗದೆ ನನ್ನ ಮೊಣಕೈ ಹಿಡಿದುಕೊಂಡರು. ಆ ಹಿಡಿತ ನನಗೆ ಇವತ್ತಿಗೂ ನೆನಪಿದೆ.

ಸೆಪ್ಟೆಂಬರಿನಲ್ಲಿ ಅದೇ ಸಿನಿಮಾ ಮನೆಯ ಟಿವಿಗೆ ಬಂತು. ಅತ್ತೆಗೆ ಎಪ್ಪತ್ತೊಂಬತ್ತು, ಮಂಡಿ ನೋವು, ಟಾಕೀಸಿಗೆ ಬರಲಾರರು. ಅವರ ತವರು ಘಟ್ಟದ ಕೆಳಗೆ, ಸುಳ್ಯದ ಕಡೆ. ಶೀರ್ಷಿಕೆಯ ಅರ್ಥ ‘ಸೋಮೇಶ್ವರದ ಸುಲೋಚನ’ ಎಂದು ಹೇಳಿದ ಕೂಡಲೇ ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡರು. ಟಾಕೀಸಿನಲ್ಲಿ ಯಾರೂ ನಗದ ಕಡೆ ಅವರು ನಕ್ಕರು. ಕರಾವಳಿಯ ಆ ಮಾತಿನ ಧಾಟಿ, ಒಂದು ಮನೆಗೆ ಕಷ್ಟ ಬಂದರೆ ಊರವರೆಲ್ಲ ಬಂದು ಜಗಲಿಯಲ್ಲಿ ಕುಳಿತು ಸಲಹೆ ಕೊಡುವ ರೀತಿ, ಇದನ್ನೆಲ್ಲ ಅವರು ಬಾಲ್ಯದಲ್ಲಿ ಕಂಡವರು. “ನಮ್ಮ ದೊಡ್ಡ ಭಾವ ಹೀಗೆಯೇ ಮಾತನಾಡುತ್ತಿದ್ದರು” ಎಂದು ಎರಡು ಸಲ ಹೇಳಿದರು. ಮಳೆಯ ಸದ್ದಿನಲ್ಲಿ ನನಗೆ ತಪ್ಪಿಹೋಗಿದ್ದ ಮಾತುಗಳೆಲ್ಲ ಈಗ ಸ್ಪಷ್ಟವಾಗಿ ಕೇಳಿಸಿದವು. ಇನ್ನು ಮುಕ್ಕಾಲು ಗಂಟೆ ಇದೆ ಎನ್ನುವಾಗ ಕರೆಂಟು ಹೋಯಿತು.

ಕತ್ತಲೆಯಲ್ಲಿ ಅತ್ತೆ ತಮ್ಮೂರಿನಲ್ಲಿ ಹುಡುಗಿಯೊಬ್ಬಳ ಮೈಮೇಲೆ ಬಂದ ಕಥೆ ಹೇಳಿದರು. ಯಾರು ಬಂದರು, ಯಾರು ಪ್ರಶ್ನೆ ಇಟ್ಟರು, ಅವಳ ತಾಯಿ ಬಾಗಿಲ ಮರೆಯಲ್ಲಿ ನಿಂತು ಹೇಗೆ ಅಳುತ್ತಿದ್ದಳು, ಕೊನೆಗೆ ಆ ಹುಡುಗಿಯನ್ನು ಯಾವ ಊರಿಗೆ ಮದುವೆ ಮಾಡಿಕೊಟ್ಟರು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದೂ ಈ ಕಥೆಯನ್ನು ನಾನು ಕೇಳಿರಲಿಲ್ಲ. ಕರೆಂಟು ಬಂದಾಗ ಟಿವಿ ಹಾಕಲು ಯಾರೂ ಏಳಲಿಲ್ಲ. ಉಳಿದ ಸಿನಿಮಾವನ್ನು ಮರುದಿನ ನೋಡಿದೆವು.

ಹೀಗಾಗಿ ಈ ಒಂದು ಸಿನಿಮಾದ ಮಟ್ಟಿಗೆ ಮನೆ ಗೆದ್ದಿತು ಎಂದೇ ಬರೆಯುತ್ತೇನೆ. ಟಾಕೀಸಿನಲ್ಲಿ ನಕ್ಕದ್ದು ಹೆಚ್ಚು, ಆದರೆ ಅತ್ತೆಯ ಜೊತೆ ನೋಡಿದ್ದು ದೊಡ್ಡದು. ನಾನು ಒಬ್ಬಳೇ ಮೊಬೈಲ್ ಹಿಡಿದು ನೋಡಿದ್ದರೆ ಅದೂ ಮರೆತುಹೋದ ಆ ಹದಿನೈದರ ಜೊತೆ ಸೇರುತ್ತಿತ್ತು.

ಇನ್ನು ಅಕ್ಟೋಬರ್ 2. ಅಂದು ಗಾಂಧಿ ಜಯಂತಿ, ವಿಜಯದಶಮಿ, ‘ಕಾಂತಾರ ಅಧ್ಯಾಯ 1’ ಬಿಡುಗಡೆ, ಮಡಿಕೇರಿಯಲ್ಲಿ ದಶಮಂಟಪದ ರಾತ್ರಿ, ಎಲ್ಲವೂ ಒಂದೇ ದಿನ. ಮಗಳು ಮೈಸೂರಿನಿಂದ ಫೋನ್ ಮಾಡಿ, ಮೊದಲ ದಿನವೇ ನೋಡೋಣ, ಬನ್ನಿ ಎಂದಳು. ನಾನು ಮಂಟಪ ಎಂದೆ. ಅವಳೇ ರಾತ್ರಿ ಬಸ್ಸಿಗೆ ಬಂದಳು.

ಗೊತ್ತಿಲ್ಲದವರಿಗೆ ಹೇಳಬೇಕು. ಮೈಸೂರಿನಲ್ಲಿ ಹಗಲು ಜಂಬೂಸವಾರಿ ಮುಗಿದ ಮೇಲೆ ಮಡಿಕೇರಿಯ ದಸರಾ ರಾತ್ರಿ ಏರುತ್ತದೆ. ಪಂಪಿನಕೆರೆಯಿಂದ ನಾಲ್ಕು ಶಕ್ತಿದೇವತೆಗಳ ಕರಗ ಹೊರಟು ನವರಾತ್ರಿ ಶುರುವಾದರೆ, ಕೊನೆಯ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು ಬೀದಿಗೆ ಬರುತ್ತವೆ. ಟ್ರ್ಯಾಕ್ಟರುಗಳ ಮೇಲೆ ಕಟ್ಟಿದ ಎತ್ತರದ ಪುರಾಣಲೋಕ, ಅಲುಗಾಡುವ ದೇವರು, ಅಲುಗಾಡುವ ಅಸುರರು, ಬೆಂಕಿ, ಹೊಗೆ, ಧ್ವನಿಮುದ್ರಿತ ಸಂಭಾಷಣೆ. ತೀರ್ಪುಗಾರರ ಎದುರು ಪ್ರತಿ ಮಂಟಪವೂ ತನ್ನ ಕಥೆಯನ್ನು ಆಡಿ ತೋರಿಸುತ್ತದೆ. ಬೆಳಗಿನ ಜಾವದವರೆಗೂ ನಡೆಯುತ್ತದೆ.

ಮೂರು ಗಂಟೆಯ ಹೊತ್ತಿಗೆ ನಾವು ಒಂದು ಮಂಟಪದ ಹಿಂಭಾಗಕ್ಕೆ ಹೋಗಿ ನಿಂತಿದ್ದೆವು. ಅಲ್ಲಿ ಜನರೇಟರಿನ ಶಾಖಕ್ಕೆ ಚಳಿ ಕಡಿಮೆ. ಅಸುರನ ಬೆನ್ನಿನ ಹಿಂದೆ, ಕಬ್ಬಿಣದ ಚೌಕಟ್ಟಿನ ನಡುವೆ, ಇಪ್ಪತ್ತು ವರ್ಷದ ಹುಡುಗನೊಬ್ಬ ಕುಕ್ಕರಗಾಲಿನಲ್ಲಿ ಕುಳಿತು ಗ್ರೀಸು ಮೆತ್ತಿದ ಕೈಯಿಂದ ಒಂದು ಸನ್ನೆಗೋಲನ್ನು ಹಿಡಿದಿದ್ದ. ಅವನಿಗೆ ಮುಂಭಾಗ ಕಾಣುತ್ತಿರಲಿಲ್ಲ. ಸಂಭಾಷಣೆಯನ್ನು ಕೇಳಿಕೊಂಡೇ, ತುಟಿಯಲ್ಲಿ ಅದನ್ನು ತಾನೂ ಹೇಳಿಕೊಳ್ಳುತ್ತಾ, ಸರಿಯಾದ ಮಾತಿಗೆ ಸರಿಯಾಗಿ ಎಳೆಯುತ್ತಿದ್ದ. ಎಳೆದಾಗ ಆಚೆ ಕಡೆ ಅಸುರನ ಕೈ ಮೇಲೇಳುತ್ತಿತ್ತು, ಸಾವಿರಾರು ಜನ ಹೋ ಎನ್ನುತ್ತಿದ್ದರು. ಒಂದು ಸಲ ಕೈ ಅರ್ಧದಲ್ಲಿ ಸಿಕ್ಕಿಕೊಂಡಿತು. ಹುಡುಗ ಎದ್ದು, ಭುಜ ಕೊಟ್ಟು, ಇಡೀ ತೋಳನ್ನು ಎತ್ತಿದ. ಜನರಿಗೆ ಅದು ತಿಳಿಯಲಿಲ್ಲ. ಕೂಗು ಆ ಸಲವೇ ಹೆಚ್ಚು ಬಂತು.

‘ಕಾಂತಾರ ಅಧ್ಯಾಯ 1’ ನೋಡಿದ್ದು ಹದಿನೈದು ದಿನ ಕಳೆದು, ತಲಕಾವೇರಿಯ ತೀರ್ಥೋದ್ಭವ ಮುಗಿಸಿಕೊಂಡು, ಮೈಸೂರಿನ ಮಲ್ಟಿಪ್ಲೆಕ್ಸಿನಲ್ಲಿ. ಮೂವರ ಟಿಕೆಟ್ಟಿಗೇ ಸಾವಿರ ರೂಪಾಯಿ ದಾಟಿತು. ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿದಾಗ ನಾನು ತುಂಬ ಖುಷಿಪಟ್ಟಿದ್ದೆ, ಕೆಲವೇ ದಿನಗಳಲ್ಲಿ ಹೈಕೋರ್ಟಿನಿಂದ ತಡೆ ಬಂತು. ಬೆಲೆಯ ಮಾತು ಬಿಟ್ಟರೆ, ಮಲ್ಟಿಪ್ಲೆಕ್ಸಿಗೆ ಸಲ್ಲಬೇಕಾದದ್ದು ಸಲ್ಲಬೇಕು. ಕಾಡಿನ ಸದ್ದು ಹಿಂದಿನಿಂದ, ಪಕ್ಕದಿಂದ, ನೆತ್ತಿಯ ಮೇಲಿನಿಂದ ಬಂದಾಗ ನಮ್ಮ ತೋಟದಂಚಿನ ದೇವರಕಾಡಿನಲ್ಲಿ ಸಂಜೆ ನಿಂತಂತೆ ನನಗನಿಸಿತು. ಇಂಥ ಸಿನಿಮಾವನ್ನು ಟಾಕೀಸಿನ ಎರಡು ಸೋರುವ ಸ್ಪೀಕರುಗಳಲ್ಲಿ ಕೇಳಿದರೆ ಅದಕ್ಕೆ ಅನ್ಯಾಯ. ಆದರೆ ಎಸಿಯ ಚಳಿಗೆ ಸೆರಗು ಹೊದ್ದು ಕುಳಿತಿದ್ದ ನಮ್ಮ ಸಾಲಿನಲ್ಲಿ ಯಾರೂ ಯಾರ ಮೊಣಕೈಯನ್ನೂ ಹಿಡಿಯಲಿಲ್ಲ. ಅತ್ತೆಯನ್ನು ಕರೆದಿದ್ದೆ, ಬರಲಿಲ್ಲ. “ದೈವವನ್ನು ನಿಂತು ನೋಡಬೇಕು, ಕುಳಿತು ನೋಡುವುದಲ್ಲ” ಎಂದರು. ಅವರ ತವರಿನಲ್ಲಿ ಕೋಲ ನಡೆಯುವಾಗ ಅವರು ರಾತ್ರಿಯಿಡೀ ನಿಂತವರು.

ಈ ಎರಡರಲ್ಲಿ ನನ್ನ ಮನಸ್ಸು ಮಂಟಪದ ಕಡೆಗೇ. ಗ್ರೀಸು ಮೆತ್ತಿದ ಆ ಕೈಯ ಮುಂದೆ ಪರದೆಯ ಯಾವ ದೃಶ್ಯವೂ ನನಗೆ ನಿಲ್ಲಲಿಲ್ಲ.

ಇನ್ನುಳಿದದ್ದು ನಾಟಕ. ಕೊಡಗಿನಲ್ಲಿ ನಾಟಕದ ಹಸಿವು ಇವತ್ತಿನದಲ್ಲ. ಹರದಾಸ ಅಪ್ಪಚ್ಚ ಕವಿ (1868–1944) ಕೊಡವ ಭಾಷೆಯಲ್ಲಿ ನಾಲ್ಕು ನಾಟಕಗಳನ್ನು ಬರೆದು ಆಡಿಸಿದ ನೆಲವಿದು. ಆದರೆ ಇಂದು ಒಳ್ಳೆಯ ನಾಟಕವನ್ನು ನಿಯಮಿತವಾಗಿ ನೋಡಬೇಕೆಂದರೆ ನಾವು ಇಳಿದು ಹೋಗಬೇಕು, ಇಲ್ಲವೇ ಅದು ನಮ್ಮ ಕಡೆಗೆ ಬರಬೇಕು. ನಾನು ಎರಡನ್ನೂ ಮಾಡಿದೆ.

ಹೋದದ್ದು ಮೈಸೂರಿನ ರಂಗಾಯಣಕ್ಕೆ, ಮೂರು ಸಲ. ಜನವರಿಯಲ್ಲಿ ಬಹುರೂಪಿಗೆ, ಆಮೇಲೆ ಎರಡು ಭಾನುವಾರ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ಸಂಸ್ಥೆ, 2001ರಿಂದ ಬಹುರೂಪಿ ನಾಟಕೋತ್ಸವ. ಜನವರಿ ಎಂದರೆ ನಮಗೆ ರೊಬಸ್ಟಾ ಕೊಯ್ಲು. ಕಣದಲ್ಲಿ ಕಾಫಿ ಹರಡಿರುವಾಗ ಮನೆ ಬಿಟ್ಟು ಹೊರಡುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಮಡಿಕೇರಿಯಿಂದಲೇ ನೂರಿಪ್ಪತ್ತು ಕಿಲೋಮೀಟರ್, ನಮ್ಮ ಊರು ಇನ್ನೂ ಆಚೆ, ಭಾಗಮಂಡಲದ ರಸ್ತೆಯಲ್ಲಿ. ನಾಟಕ ಮುಗಿಯುವ ಹೊತ್ತಿಗೆ ವಾಪಸು ಬರಲು ಬಸ್ಸು ಸಿಗುವುದಿಲ್ಲ, ನಾದಿನಿಯ ಮನೆಯಲ್ಲಿ ಉಳಿಯಲೇಬೇಕು. ಟಿಕೆಟ್ಟಿಗೆ ನೂರು ರೂಪಾಯಿ, ಅದನ್ನು ನೋಡಲು ಎರಡು ದಿನ. ಹತ್ತೂ ಮಂದಿ ಕೇಳಿದರು, ಇಷ್ಟು ಕಷ್ಟ ಯಾಕೆ ಎಂದು.

ರಂಗಾಯಣದ ರಂಗಮಂದಿರ ಭೂಮಿಗೀತದಲ್ಲಿ ನಾನು ಎರಡನೆಯ ಸಾಲಿನಲ್ಲಿ ಕುಳಿತಿದ್ದೆ. ನಟಿಯೊಬ್ಬರು ಬರಿಗಾಲಿನಲ್ಲಿ ರಂಗದ ಅಂಚಿಗೆ ಬಂದು ನಿಂತರು. ಸುಮಾರು ಒಂದು ನಿಮಿಷ ಏನೂ ಮಾತನಾಡಲಿಲ್ಲ. ಅವರ ಕಾಲ್ಬೆರಳುಗಳು ಹಲಗೆಯನ್ನು ಒತ್ತಿ ಬೆಳ್ಳಗಾಗಿದ್ದವು. ಮುಖ ಶಾಂತವಾಗಿತ್ತು, ಸಿಟ್ಟೆಲ್ಲ ಆ ಬೆರಳುಗಳಲ್ಲಿತ್ತು. ಪರದೆಯ ಮೇಲಾದರೆ ಯಾರೋ ಆ ಬೆರಳನ್ನು ದೊಡ್ಡದು ಮಾಡಿ ನನಗೆ ತೋರಿಸುತ್ತಿದ್ದರು. ಇಲ್ಲಿ ಅದನ್ನು ನಾನೇ ಕಂಡುಕೊಂಡೆ. ಪಕ್ಕದಲ್ಲಿದ್ದ ನಮ್ಮವರು ಅದನ್ನು ನೋಡಿಯೇ ಇರಲಿಲ್ಲ, ಅವರು ಹಿಂದೆ ನಿಂತಿದ್ದ ಮುದುಕನನ್ನು ನೋಡುತ್ತಿದ್ದರಂತೆ. ಒಂದೇ ನಾಟಕವನ್ನು ಇಬ್ಬರೂ ಬೇರೆ ಬೇರೆ ನೋಡಿ, ಹುಣಸೂರು ದಾಟುವವರೆಗೂ ಅದನ್ನೇ ಮಾತನಾಡಿದೆವು.

ಬಂದದ್ದು ನೀನಾಸಂ ತಿರುಗಾಟ. ಹೆಗ್ಗೋಡಿನಿಂದ 1985ರಿಂದ ಊರೂರು ಸುತ್ತುತ್ತಿರುವ ತಂಡ. ನವೆಂಬರಿನಲ್ಲಿ ಘಟ್ಟದ ಕೆಳಗಿನ ಒಂದು ಊರಿನ ಸಭಾಂಗಣದಲ್ಲಿ ನೋಡಿದೆ. ಪ್ಲಾಸ್ಟಿಕ್ ಕುರ್ಚಿ, ಹೊರಗೆ ನಾಯಿಗಳ ಬೊಗಳಾಟ, ಮುಂದೆ ನೆಲದ ಮೇಲೆ ಮಕ್ಕಳು. ಬೆಳಕಿನ ನಾಜೂಕು, ಮೌನದ ನಾಜೂಕು ಭೂಮಿಗೀತದಷ್ಟು ಇಲ್ಲಿ ಸಿಗಲಿಲ್ಲ. ಆದರೆ ಕೂಲಿ ಕೆಲಸ ಮುಗಿಸಿ ಬಂದವರು, ಅಂಗಡಿ ಮುಚ್ಚಿ ಬಂದವರು, ಶಾಲೆಯ ಮೇಷ್ಟರು ಎಲ್ಲರೂ ಅಲ್ಲಿದ್ದರು. ಮೈಸೂರಿನಲ್ಲಿ ನಾಟಕಕ್ಕೆಂದೇ ಬಂದವರ ನಡುವೆ ಕುಳಿತಿದ್ದೆ, ಇಲ್ಲಿ ಊರಿನ ನಡುವೆ ಕುಳಿತಿದ್ದೆ. ಮಗಳ ಪರೀಕ್ಷೆಯಲ್ಲಿ ನಾಲ್ಕು ನಾಟಕಗಳ ಬಗ್ಗೆಯೂ ನಾನು ನಿಲ್ಲಿಸದೆ ಹೇಳಿದೆ. ಅವಳು ಪುಸ್ತಕ ಮುಚ್ಚಿ ಕೇಳುತ್ತಾ ಕುಳಿತಳು.

ವರ್ಷಕ್ಕೆ ಒಂದೇ ಸಲ ಹೊರಡಲು ಸಾಧ್ಯವಿರುವವರಿಗೆ ನಾನು ಹೇಳುವುದು ಇಷ್ಟೇ, ಮಲ್ಟಿಪ್ಲೆಕ್ಸಿನ ದುಡ್ಡನ್ನು ಉಳಿಸಿ ರಂಗಾಯಣಕ್ಕೆ ಹೋಗಿ. ನಗುವ ಸಿನಿಮಾ ಬಂದರೆ ಮಳೆಯಿದ್ದರೂ ಪೇಟೆಯ ಟಾಕೀಸಿಗೆ ಹೋಗಿ, ಅದು ಮುಚ್ಚುವ ಮೊದಲು. ಮನೆಯಲ್ಲಿ ನೋಡುವುದಾದರೆ ವಯಸ್ಸಾದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ನಾಟಕದ ಸುದ್ದಿಯನ್ನು ನಾನು ಮಗಳಿಗೆ ಹೇಳುತ್ತಿದ್ದಾಗ ಅತ್ತೆ ಒಲೆಯ ಬಳಿ ಕುಳಿತು ಕೇಳಿಸಿಕೊಳ್ಳುತ್ತಿದ್ದರು. ಈ ಸಲದ ಬಹುರೂಪಿಗೆ ತಮ್ಮನ್ನೂ ಕರೆದುಕೊಂಡು ಹೋಗಬೇಕು, ತಮ್ಮ ಮಗಳ, ಅಂದರೆ ನನ್ನ ನಾದಿನಿಯ ಮನೆಯಲ್ಲಿ ನಾಲ್ಕು ದಿನ ಉಳಿಯಬಹುದು ಎಂದರು. ಆಮೇಲೆ ಮಂಡಿಯ ಮೇಲೆ ಕೈಯಿಟ್ಟು, ಅಲ್ಲಿ ಮೆಟ್ಟಿಲು ಎಷ್ಟಿವೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮಗಳು ಮೈಸೂರಿಗೆ ವಾಪಸು ಹೋದ ಮರುದಿನವೇ ಫೋನ್ ಮಾಡಿದಳು. ಭೂಮಿಗೀತದ ಬಾಗಿಲಿನಿಂದ ಕುರ್ಚಿಯವರೆಗೆ, ಅಲ್ಲಿನ ಬಯಲು ರಂಗಮಂದಿರ ವನರಂಗದ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ, ಎರಡನ್ನೂ ಎಣಿಸಿಕೊಂಡು ಬಂದಿದ್ದಳು. ಹೊಸ ವರ್ಷದ ಮಳೆಪುಸ್ತಕದ ಮೊದಲ ಪುಟದ ಅಂಚಿನಲ್ಲಿ ಆ ಎರಡು ಸಂಖ್ಯೆಗಳನ್ನು ಬರೆದಿಟ್ಟಿದ್ದೇನೆ.