ಪ್ರೊಜೆಕ್ಟರ್, ದೊಡ್ಡ ಟಿವಿ, ಕಾಗದದ ಕಾರ್ಡು: ನನ್ನ ವಿಜ್ಞಾನ ತರಗತಿಗೆ ಒಗ್ಗಿದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ಈ ಮೂರರಲ್ಲಿ ನನಗೆ ಇಷ್ಟವಾಗಿದ್ದು ಕಾರ್ಡು. ದಪ್ಪ ಹಾಳೆಯ ಮೇಲೆ ಪ್ರಿಂಟ್ ಹಾಕಿಸಿದ ಪ್ಲಿಕರ್ಸ್ ಕಾರ್ಡುಗಳು, ಅಂದರೆ ಮಕ್ಕಳು ಎತ್ತಿ ಹಿಡಿದ ಉತ್ತರವನ್ನು ಶಿಕ್ಷಕರ ಫೋನ್ ಓದಿಕೊಳ್ಳುವ ಕಾರ್ಡುಗಳು. ಪ್ರಿಂಟು, ಕತ್ತರಿಸುವುದು ಎಲ್ಲ ಸೇರಿ 300 ರೂಪಾಯಿಯೂ ಆಗಲಿಲ್ಲ. ನಮ್ಮ ಪ್ರೊಜೆಕ್ಟರಿಗೆ ಹಳೆಯ ವಿದ್ಯಾರ್ಥಿಗಳು ಕೊಟ್ಟ 35,000 ರೂಪಾಯಿ ಹೋಗಿತ್ತು.

ಆದರೆ ಕಾರಣ ಬೆಲೆಯೊಂದೇ ಅಲ್ಲ. ಟಾಲ್ಪ್ (ತಂತ್ರಜ್ಞಾನ ಬಳಸಿ ಪಾಠ ಮಾಡಲು ಶಿಕ್ಷಕರಿಗೆ ಕೊಡುವ) ತರಬೇತಿ ಮುಗಿಸಿ ಬಂದ ಹೊಸತರಲ್ಲಿ ನನಗಿದ್ದ ಗುರಿ ಸರಳ: ಪ್ರತಿ ಪಾಠಕ್ಕೂ ಒಂದು ಪಿಪಿಟಿ ಇರಬೇಕು. ಆಮೇಲೆ ಪಿಪಿಟಿ ಸಾಲದು, ಮಕ್ಕಳು ಪ್ರಯೋಗವನ್ನು ಕಣ್ಣಾರೆ ನೋಡಬೇಕು ಅನಿಸಿತು. ಈಗ ಬೇಕಾಗಿರುವುದೇ ಬೇರೆ. ಗಂಟೆ ಹೊಡೆಯುವ ಮುಂಚೆ ಯಾವ ಮಗುವಿಗೆ ಎಲ್ಲಿ ತೊಡಕಾಗಿದೆ ಅಂತ ನನಗೆ ಗೊತ್ತಾಗಬೇಕು. ಈ ಮೂರನ್ನೂ ನಾನು ಅಳೆಯುತ್ತಿರುವುದು ಇದೇ ಲೆಕ್ಕದಲ್ಲಿ. ನಿಮ್ಮ ಅಗತ್ಯ ಬೇರೆಯಾಗಿದ್ದರೆ ತೀರ್ಮಾನವೂ ಬೇರೆಯಾಗಬಹುದು.

ಪ್ರೊಜೆಕ್ಟರಿನಿಂದ ಶುರು ಮಾಡೋಣ. ಅದರ ಒಳ್ಳೆಯ ಗುಣ ದೊಡ್ಡದು. ಕೊಲರಾಡೊ ವಿಶ್ವವಿದ್ಯಾಲಯದವರ ಫೆಟ್ ಸಿಮ್ಯುಲೇಶನ್‌ಗಳನ್ನು (ಕಂಪ್ಯೂಟರಿನಲ್ಲೇ ಮಾಡಿ ನೋಡುವ ಪ್ರಯೋಗಗಳನ್ನು) ಗೋಡೆ ತುಂಬ ತೋರಿಸಿದರೆ ಹತ್ತನೇ ಕ್ಲಾಸಿನ ಮಕ್ಕಳು ಬೆಂಚಿನ ಮೇಲೆ ಹತ್ತಿ ನಿಂತು ನೋಡುತ್ತಾರೆ. ತಂತಿ, ಬ್ಯಾಟರಿ, ಬಲ್ಬು ಜೋಡಿಸುತ್ತಿದ್ದ ಹಾಗೆ ಎಲೆಕ್ಟ್ರಾನುಗಳು ಹರಿಯುವುದು ಕಾಣುತ್ತದೆ. ನಿಜವಾದ ವಿದ್ಯುತ್ ಮಂಡಲದಲ್ಲಿ ಇದನ್ನು ತೋರಿಸಲು ಆಗುವುದಿಲ್ಲ, ಅಲ್ವಾ? ಕನ್ನಡಕ್ಕೆ ಬಂದಿರುವ ಸಿಮ್ಯುಲೇಶನ್‌ಗಳೂ ಇವೆ. ಡೌನ್‌ಲೋಡ್ ಮಾಡಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ.

ತೊಂದರೆ ಇದ್ದದ್ದು ಬೆಳಕಿನದು. ನಮ್ಮದು ಬಿಸಿಲು ನಾಡಿನ ಸರ್ಕಾರಿ ಪ್ರೌಢಶಾಲೆ. ಕೋಣೆಯ ಎರಡೂ ಕಡೆ ದೊಡ್ಡ ಕಿಟಕಿ. ಬೆಳಗಿನ ಮೊದಲ ಪಿರಿಯಡ್ಡಿನಲ್ಲಿ ಪರವಾಗಿಲ್ಲ. ಹನ್ನೊಂದು ಗಂಟೆಯ ಮೇಲೆ ಗೋಡೆಯ ಮೇಲಿನ ಚಿತ್ರ ತೊಳೆದ ಬಟ್ಟೆಯ ಹಾಗೆ ಬಿಳಿಚಿಕೊಳ್ಳುತ್ತಿತ್ತು. ಕಿಟಕಿ ಮುಚ್ಚಿದರೆ ಸೆಕೆ. ಫ್ಯಾನ್ ಹಾಕಿದರೆ ಕಿಟಕಿಗೆ ಕಟ್ಟಿದ ಬಟ್ಟೆ ಹಾರಾಡಿ ಮತ್ತೆ ಬೆಳಕು ಬರುತ್ತಿತ್ತು. ಕೊನೆಗೆ ದಪ್ಪ ಕಪ್ಪು ಪರದೆಯನ್ನೇ ಹೊಲಿಸಿದೆವು.

ಪರದೆ ಬಂದ ಮೇಲೆ ಚಿತ್ರ ಸ್ಪಷ್ಟವಾಯಿತು. ಆದರೆ ಕತ್ತಲಲ್ಲಿ ಮಕ್ಕಳಿಗೆ ನೋಟ್ಸ್ ಬರೆದುಕೊಳ್ಳಲು ಆಗುತ್ತಿರಲಿಲ್ಲ. ಬರೆಯಿರಿ ಅಂದಾಗಲೆಲ್ಲ ಲೈಟ್ ಹಾಕಬೇಕು, ತೋರಿಸುವಾಗ ಆರಿಸಬೇಕು. ಸ್ವಿಚ್ ಬೋರ್ಡ್ ಬಾಗಿಲ ಹತ್ತಿರ, ಲ್ಯಾಪ್‌ಟಾಪ್ ಇನ್ನೊಂದು ಮೂಲೆಯಲ್ಲಿ. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಈ ಓಡಾಟಕ್ಕೇ ಎಷ್ಟೋ ಹೊತ್ತು ಹೋಗುತ್ತಿತ್ತು.

ಅದಕ್ಕಿಂತ ಜಾಸ್ತಿ ಕಾಡಿದ್ದು ಇನ್ನೊಂದು. ಕತ್ತಲಲ್ಲಿ ನನಗೆ ಮಕ್ಕಳ ಮುಖ ಕಾಣುತ್ತಿರಲಿಲ್ಲ. ಪಾಠ ಮಾಡುವವರಿಗೆ ಮುಖವೇ ಅರ್ಧ ಉತ್ತರ. ಹುಬ್ಬು ಗಂಟಿಕ್ಕಿದ್ದು, ಪಕ್ಕದವಳ ಪುಸ್ತಕ ಇಣುಕಿದ್ದು, ಸುಮ್ನೆ ತಲೆಯಾಡಿಸಿದ್ದು, ಇದನ್ನೆಲ್ಲ ನೋಡಿಯೇ ನಾವು ಮುಂದಿನ ಮಾತು ಆಡುವುದು. ಗೋಡೆಯ ಮೇಲೆ ಎಷ್ಟೇ ಚೆಂದದ ಚಿತ್ರ ಇರಲಿ, ಮಕ್ಕಳೇ ಕಾಣದಿದ್ದರೆ ಆ ಪಾಠ ಎತ್ತ ಹೋಗುತ್ತಿದೆ ಅಂತ ನನಗೆ ತಿಳಿಯುವುದಿಲ್ಲ. ನನ್ನ ಗುರಿ ಬದಲಾಗಿದ್ದು ಇಲ್ಲಿಂದಲೇ.

ಟಿವಿಗೆ ಈ ಕತ್ತಲೆಯ ಕಾಟ ಇಲ್ಲ. ಪಕ್ಕದ ಶಾಲೆಯಲ್ಲಿ 43 ಇಂಚಿನದು ಇದೆ, ಅಲ್ಲಿಗೆ ಡೆಪ್ಯುಟೇಶನ್ ಮೇಲೆ ಹೋದಾಗ ಬಳಸಿದೆ. ಹಗಲು ಬೆಳಕಲ್ಲೂ ಬಣ್ಣ ಚೆನ್ನಾಗಿ ಕಾಣುತ್ತದೆ. ಪೆನ್ ಡ್ರೈವ್ ಸಿಕ್ಕಿಸಿದರೆ ವಿಡಿಯೋ ಶುರು. ಆದರೆ ಪರದೆಯ ಅಗಲ ಒಂದು ಮೀಟರೂ ಇಲ್ಲ. ಹಿಂದಿನ ಬೆಂಚಿನವರಿಗೆ ಒತ್ತಕ್ಷರ ಕಾಣುವುದಿಲ್ಲ. ಇಂಗ್ಲಿಷ್ ಪಠ್ಯಕ್ಕೆ ಸಾಕಾಗುವ ಅಕ್ಷರದ ಗಾತ್ರ ಕನ್ನಡಕ್ಕೆ ಸಾಲದು. 'ವಿದ್ಯುಚ್ಛಕ್ತಿ' ಅನ್ನುವ ಪದವನ್ನೇ ತೆಗೆದುಕೊಳ್ಳಿ, ಒತ್ತುಗಳು ಕೆಳಗೆ ಕಪ್ಪು ಚುಕ್ಕೆಗಳಾಗಿಬಿಡುತ್ತವೆ. ಅಕ್ಷರ ದೊಡ್ಡದು ಮಾಡಿದರೆ ಒಂದು ಸ್ಲೈಡಿನಲ್ಲಿ ಎರಡು ಸಾಲು ಹಿಡಿಸುತ್ತದೆ. ಇಪ್ಪತ್ತು ಮಕ್ಕಳಿರುವ ಸಣ್ಣ ಕೋಣೆಗೆ ಟಿವಿ ಒಳ್ಳೆಯ ಆಯ್ಕೆ. ನನ್ನ ಕೋಣೆಗಲ್ಲ.

ಕಹೂಟ್ ತರಹದ ಮೊಬೈಲ್ ಕ್ವಿಜ್‌ಗಳನ್ನು ಹೋಲಿಕೆಗೇ ತೆಗೆದುಕೊಂಡಿಲ್ಲ. ಮಕ್ಕಳ ಕೈಯಲ್ಲಿ ಫೋನ್ ಬೇಕು, ನಮ್ಮಲ್ಲಿ ಅದಾಗದು.

ಈಗ ಕಾರ್ಡಿನ ವಿಷಯ. ಪ್ರತಿ ಮಗುವಿಗೂ ಒಂದು ನಂಬರಿನ ಕಾರ್ಡು. ಅದರ ಮೇಲೆ ಕ್ಯೂಆರ್ ಕೋಡಿನಂಥ ಕಪ್ಪು ಗುರುತು, ನಾಲ್ಕು ಬದಿಗೆ ಎ, ಬಿ, ಸಿ, ಡಿ. ತನ್ನ ಉತ್ತರದ ಅಕ್ಷರ ಮೇಲೆ ಬರುವ ಹಾಗೆ ಮಗು ಕಾರ್ಡು ಎತ್ತಿ ಹಿಡಿಯಬೇಕು. ನಾನು ನನ್ನ ಫೋನಿನ ಕ್ಯಾಮೆರಾವನ್ನು ಕ್ಲಾಸಿನ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿದರೆ ಸಾಕು. ಯಾರು ಏನು ಉತ್ತರ ಕೊಟ್ಟರು ಅಂತ ಹೆಸರು ಸಮೇತ ಬರುತ್ತದೆ. ಇಡೀ ಕೋಣೆಗೆ ಒಂದೇ ಫೋನ್, ಸ್ವಲ್ಪ ಡೇಟಾ. ಪ್ರಶ್ನೆಯನ್ನು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲೇ ಬರೆಯುತ್ತೇನೆ.

ಪ್ರತಿ ಕಾರ್ಡಿನ ಗುರುತೂ ಬೇರೆ, ಅಕ್ಷರಗಳೂ ಚಿಕ್ಕವು. ಹಾಗಾಗಿ ಪಕ್ಕದವರದು ನೋಡಿ ತಿರುಗಿಸುವುದು ಕಷ್ಟ. ಕೈ ಎತ್ತಲು ಹಿಂಜರಿಯುವ ಹುಡುಗಿಯರೂ ಕಾರ್ಡು ಎತ್ತುತ್ತಾರೆ. ನನಗೆ ಇದಕ್ಕಿಂತ ದೊಡ್ಡ ಲಾಭ ಬೇರೊಂದಿಲ್ಲ.

ಒಂದು ಉದಾಹರಣೆ. 6 ಓಮ್‌ನ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಎಷ್ಟು? ಆಯ್ಕೆ 12, 6, 3, 36. ಸರಿ ಉತ್ತರ 3: ಎರಡನ್ನೂ ಗುಣಿಸಿ ಬಂದ 36ನ್ನು ಕೂಡಿಸಿ ಬಂದ 12ರಿಂದ ಭಾಗಿಸಬೇಕು. ಹನ್ನೆರಡು ಅಂದವರು ಇದನ್ನು ಸರಣಿ (ಒಂದರ ಹಿಂದೆ ಒಂದು) ಜೋಡಣೆ ಅಂದುಕೊಂಡು ಕೂಡಿಸಿದ್ದಾರೆ. ಮೂವತ್ತಾರು ಅಂದವರಿಗೆ ಸೂತ್ರದ ಮೇಲಿನ ಅರ್ಧ ಮಾತ್ರ ನೆನಪಿದೆ, ಗುಣಿಸಿ ಅಲ್ಲಿಗೇ ನಿಂತಿದ್ದಾರೆ. ಇಬ್ಬರದೂ ತಪ್ಪೇ, ಆದರೆ ಇಬ್ಬರಿಗೂ ಹೇಳಬೇಕಾದ ಮಾತು ಬೇರೆ. 'ಎಲ್ಲರಿಗೂ ಅರ್ಥ ಆಯ್ತಾ?' ಅಂತ ಕೇಳಿದರೆ 'ಹೂಂ ಮಿಸ್' ಅಂತ ಬರುವ ಒಕ್ಕೊರಲಿನಲ್ಲಿ ಈ ವ್ಯತ್ಯಾಸ ಸಿಗುವುದೇ ಇಲ್ಲ.

ಉತ್ತರ ಹಂಚಿಹೋಗಿದ್ದರೆ ನಾನು ಸರಿಯಾದದ್ದನ್ನು ತಕ್ಷಣ ಹೇಳುವುದಿಲ್ಲ. ಪಕ್ಕದವರ ಜೊತೆ ವಾದ ಮಾಡಿ, ಆಮೇಲೆ ಮತ್ತೆ ಕಾರ್ಡು ಎತ್ತಿ ಅನ್ನುತ್ತೇನೆ. ಇದು ನಾನು ಕಂಡುಹಿಡಿದದ್ದಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಕ್ರಮ. ನಮ್ಮ ಹಳ್ಳಿಯ ಮಕ್ಕಳೂ ಇದರಲ್ಲಿ ಚೆನ್ನಾಗಿ ಜಗಳ ಆಡುತ್ತಾರೆ, ಅದೂ ಓಮ್‌ನ ನಿಯಮ ಇಟ್ಟುಕೊಂಡು.

ಕಾರ್ಡು ಮಾಡಿಸುವವರಿಗೆ ಒಂದು ಎಚ್ಚರಿಕೆ. ಬಾಳಿಕೆ ಬರಲಿ ಅಂತ ಹೊಳೆಯುವ ಲ್ಯಾಮಿನೇಶನ್ ಮಾಡಿಸಬೇಡಿ. ಕಿಟಕಿಯ ಬೆಳಕು ಬಿದ್ದು ಮಿರಮಿರ ಅಂದರೆ ಕ್ಯಾಮೆರಾ ಗುರುತು ಹಿಡಿಯುವುದಿಲ್ಲ. ಹೊಳಪಿಲ್ಲದ ಮ್ಯಾಟ್ ಹಾಳೆ ಕೇಳಿ, ಇಲ್ಲವೇ ರಟ್ಟಿಗೆ ಅಂಟಿಸಿ ಹಾಗೇ ಬಿಡಿ. ಬೆರಳು ಗುರುತಿನ ಮೇಲೆ ಬಂದರೂ ಓದುವುದಿಲ್ಲ. ಅಂಚು ಹಿಡಿಯುವುದನ್ನು ಮೊದಲ ವಾರವೇ ರೂಢಿ ಮಾಡಿಸಿ.

ಕಾರ್ಡು ಪ್ರೊಜೆಕ್ಟರಿನ ಕೆಲಸ ಮಾಡುವುದಿಲ್ಲ, ನಿಜ. ಎಲೆಕ್ಟ್ರಾನ್ ಹರಿಯುವುದನ್ನು ಅದು ತೋರಿಸದು. ಹಾಗಾಗಿ ಪ್ರೊಜೆಕ್ಟರ್ ಈಗಲೂ ಬೀರುವಿನಿಂದ ಹೊರಗೆ ಬರುತ್ತದೆ, ಬೆಳಗಿನ ಮೊದಲ ಪಿರಿಯಡ್ಡಿಗೆ, ಸಿಮ್ಯುಲೇಶನ್ ಬೇಕಾದ ಪಾಠಕ್ಕೆ ಮಾತ್ರ. ಕಾರ್ಡು ದಿನಾ ಮೇಜಿನ ಮೇಲೆ ಇರುತ್ತದೆ. ಕರೆಂಟು ಹೋದರೂ ನಡೆಯುತ್ತದೆ. ನಾನು ಪಾಠದ ಮಧ್ಯೆ ಓಡಾಡುತ್ತ ಮಾತಾಡುವವಳು, ಒಂದು ಕಡೆ ಲ್ಯಾಪ್‌ಟಾಪ್ ಮುಂದೆ ನಿಲ್ಲುವುದು ನನಗೆ ಒಗ್ಗದು. ನಿಮ್ಮ ಶಾಲೆಗೆ ಯಾರಾದರೂ 35,000 ಕೊಡಲು ಬಂದರೆ ಬೇಡ ಅನ್ನಬೇಡಿ. ನಿಮ್ಮ ಕೈಯಿಂದಲೇ ಖರ್ಚಾಗುವುದಾದರೆ ಮೊದಲ 300 ರೂಪಾಯಿ ಕಾರ್ಡಿಗೆ ಹಾಕಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರು ವರ್ಷಕ್ಕೆ 50 ಗಂಟೆ ತಮ್ಮ ಕಲಿಕೆಗೆ ಕೊಡಬೇಕು ಅನ್ನುತ್ತದೆ. ಈ ವರ್ಷ ಅದರಲ್ಲಿ ಒಂದು ಪಾಲನ್ನು ಹೊಸ ಆ್ಯಪ್ ಕಲಿಯಲು ಇಡುತ್ತಿಲ್ಲ. ಕಾರ್ಡಿನ ಪ್ರಶ್ನೆಗಳಿಗೆ ಒಳ್ಳೆಯ ತಪ್ಪು ಆಯ್ಕೆಗಳನ್ನು ಬರೆಯಲು ಇಡುತ್ತಿದ್ದೇನೆ. 'ಬೆಳಕಿನ ಪ್ರತಿಫಲನ ಮತ್ತು ವಕ್ರೀಭವನ' ಪಾಠಕ್ಕೆ ಶುರು ಮಾಡಿದ್ದೇನೆ. ಮಸೂರದ ಅರ್ಧ ಭಾಗಕ್ಕೆ ಕಪ್ಪು ಕಾಗದ ಅಂಟಿಸಿದರೆ ಪ್ರತಿಬಿಂಬ ಏನಾಗುತ್ತದೆ ಅನ್ನುವುದು ಮೊದಲ ಪ್ರಶ್ನೆ. ಅರ್ಧ ಪ್ರತಿಬಿಂಬ ಮಾಯವಾಗುತ್ತದೆ ಅನ್ನುವ ಮಕ್ಕಳೇ ಜಾಸ್ತಿ ಇರುತ್ತಾರೆ. ಪೂರ್ತಿ ಪ್ರತಿಬಿಂಬವೇ ಬರುತ್ತದೆ, ಸ್ವಲ್ಪ ಮಂಕಾಗಿ. ಅದನ್ನು ಹೇಳಿಕೊಡಲು ಒಂದು ಪೀನ ಮಸೂರ, ಒಂದು ಮೇಣದಬತ್ತಿ ಸಾಕು.