ಮೆತ್ತನೆ ಹಿಡಿಯ ಕ್ರೋಶಾ ಕಡ್ಡಿ: ಮೂರು ವರ್ಷ ಬಳಸಿದ ಮೇಲೆ

ಡೊಂಬಿವಲಿಯಿಂದ ದಾದರ್‌ಗೆ ದಿನಾ ಮುಂಬೈಯ ಲೋಕಲ್ ಟ್ರೇನ್‌ನಲ್ಲಿ ಹೋಗುತ್ತೇನೆ. ಕೂರಲು ಜಾಗ ಸಿಕ್ಕಿದರೆ ಕೈಯಲ್ಲಿ ಕ್ರೋಶಾ, ಅಂದರೆ ಕೊಕ್ಕೆ ಕಡ್ಡಿಯಿಂದ ದಾರ ಹೆಣೆಯುವ ಕೆಲಸ. ಮೊದಲು ಅಮ್ಮನ ಹಳೇ ಅಲ್ಯೂಮಿನಿಯಂ ಕಡ್ಡಿ ಇತ್ತು. ಮೇ ತಿಂಗಳ ಬೆವರಿಗೆ ಅದು ಜಾರುತ್ತಿತ್ತು, ಜಾರಿದಷ್ಟೂ ನಾನು ಬಿಗಿ ಹಿಡಿಯುತ್ತಿದ್ದೆ. ಸಂಜೆ ತೆಂಗಿನಕಾಯಿ ತುರಿಯಲು ಕೂತರೆ ಹೆಬ್ಬೆರಳಿನ ಬುಡ ಚುಳ್ ಅನ್ನುತ್ತಿತ್ತು. ಅದಕ್ಕೇ ಮೆತ್ತನೆ ರಬ್ಬರ್ ಹಿಡಿಯ 4 ಮಿ.ಮೀ. ಕಡ್ಡಿ ಕೊಂಡೆ.

ಮೊದಲ ವಾರ ನೋವು ಹಾಗೇ ಇತ್ತು. ದುಡ್ಡು ದಂಡ ಅಂದುಕೊಂಡೆ. ಪಕ್ಕದ ಮನೆಯ ಕಾಕು (ಆಂಟಿ) ಒಂದು ದಿನ ನೋಡಿ, ತಪ್ಪು ನನ್ನ ಎಡಗೈಯದು ಎಂದು ಮರಾಠಿಯಲ್ಲಿ ಚೆನ್ನಾಗಿ ಬೈದರು. ನಿಜ, ದಾರವನ್ನು ಎಡಗೈಯಲ್ಲಿ ಸುಮ್ನೆ ಸಡಿಲ ಬಿಟ್ಟಿದ್ದೆ. ಬಿಗಿ ಮಾಡುವ ಕೆಲಸವೂ ಬಲಗೈಗೇ ಬೀಳುತ್ತಿತ್ತು. ದಾರವನ್ನು ಕಿರುಬೆರಳಿಗೆ ಒಂದು ಸುತ್ತು ಹಾಕಿ ತೋರುಬೆರಳ ಮೇಲೆ ತಂದ ಮೇಲೆ ಕಡ್ಡಿಯನ್ನು ಹಿಸುಕುವುದು ತಾನಾಗಿ ನಿಂತಿತು. ಇನ್ನೊಂದು, ಕುಣಿಕೆಯನ್ನು ಕೊಕ್ಕೆಯ ಕೆಳಗಿನ ಸಪೂರ ಕತ್ತಿನಲ್ಲೇ ಬಿಡಬಾರದು, ದಪ್ಪ ಭಾಗಕ್ಕೆ ತಳ್ಳಬೇಕು. ಇಲ್ಲದಿದ್ದರೆ ಮುಂದಿನ ಸಾಲಿನಲ್ಲಿ ಕೊಕ್ಕೆ ತೂರಿಸಲು ಒದ್ದಾಟ.

ಮನೆಯಲ್ಲಿ ಚಾಕು ಹಿಡಿದ ಹಾಗೆ ಹಿಡಿಯುತ್ತೇನೆ. ದಪ್ಪ ಹಿಡಿ ಅಂಗೈಗೆ ಒರಗುತ್ತದೆ, ಬೆರಳಿಗೆ ಆರಾಮ. ಲೋಕಲ್‌ನ ಫೋರ್ತ್ ಸೀಟಿನಲ್ಲಿ (ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರಾಗಿ ಕೂತಾಗ) ಇದು ನಡೆಯುವುದಿಲ್ಲ. ಅರ್ಧ ಮೈ ಹೊರಗೆ, ಮೊಣಕೈ ಪಕ್ಕದವರ ಪಕ್ಕೆಗೆ, ಜಗಳ ಗ್ಯಾರಂಟಿ! ಅಲ್ಲಿ ಪೆನ್ನು ಹಿಡಿದ ಹಾಗೆ, ಮೊಣಕೈ ಒಳಗೆ. ಹೀಗೆ ಬದಲಾಯಿಸುವುದರಿಂದ ಒಂದೇ ಜಾಗ ದಣಿಯುವುದೂ ತಪ್ಪಿತು. ಹೆಬ್ಬೆರಳಿಡುವ ಚಪ್ಪಟೆ ಜಾಗ ನನಗೆ ತುಂಬಾ ಇಷ್ಟ. ಕೊಕ್ಕೆ ಎತ್ತ ತಿರುಗಿದೆ ಅಂತ ನೋಡದೆಯೇ ಗೊತ್ತಾಗುತ್ತದೆ.

ದೂರು ಇದೆ. ಎರಡನೇ ಮಳೆಗಾಲಕ್ಕೆ ರಬ್ಬರ್ ಅಂಟಂಟಾಯಿತು, ಬ್ಯಾಗಿನ ಕಸವೆಲ್ಲ ಅದಕ್ಕೇ. ಸೋಪಿನಲ್ಲಿ ತೊಳೆದರೆ ಒಂದು ವಾರ ಸರಿ, ಮತ್ತೆ ಅದೇ ಕಥೆ. ಮೇಲಿನ ಸೈಜ್ ನಂಬರ್ ಯಾವತ್ತೋ ಅಳಿಸಿಹೋಯಿತು.

ಕೊಳ್ಳಬೇಕಾ? ದಿನಾ ಒಂದು ಗಂಟೆಗಿಂತ ಜಾಸ್ತಿ ಹೆಣೆಯುವವರು ಕೊಳ್ಳಿ. ಉಳಿದವರು ಮೊದಲು ಎಡಗೈ ಸರಿ ಮಾಡಿಕೊಳ್ಳಿ. ಮಕ್ಕಳ ಪೆನ್ಸಿಲ್‌ಗೆ ಹಾಕುವ ರಬ್ಬರ್ ಗ್ರಿಪ್ ಸಿಗುತ್ತದಲ್ವಾ, ಅದನ್ನು ಅಮ್ಮನ ಕಡ್ಡಿಗೆ ತೂರಿಸಿದ್ದೇನೆ. ಈ ಮಳೆಗಾಲ ಪೂರ್ತಿ ರೈಲಿನಲ್ಲಿ ಅದೇ ಓಡುತ್ತಿದೆ.