ಎಲ್, ಎಸ್, ಬೇಸಿಕ್, ವಾಟ್ಸಾಪ್: ಒಂದೇ ಫೋಟೋಗೆ ನಾಲ್ಕು ಪ್ರಿಂಟ್

ಎರಡು ವರ್ಷದ ಹಿಂದೆ ದಾವಣಗೆರೆಯಿಂದ ಮನೆಯವರೆಲ್ಲ ದುರ್ಗದ ಕೋಟೆಗೆ ಹೋಗಿದ್ದೆವು. ಓಬವ್ವನ ಕಿಂಡಿ ನೋಡಲೇಬೇಕು ಅಂತ ಹಟ ಹಿಡಿದು ಅಜ್ಜಿಯೂ ಬಂದಿದ್ದರು. ಏಕನಾಥೇಶ್ವರಿ ಗುಡಿ ಹತ್ತಿರ ಏಳು ಜನರನ್ನು ನಿಲ್ಲಿಸಿ ಒಂದು ಗುಂಪು ಫೋಟೋ ತೆಗೆದೆ. ಅಷ್ಟೊತ್ತಿಗೆ ಕಾರ್ಡ್ ತುಂಬುತ್ತಾ ಬಂದಿತ್ತು. ಅದಕ್ಕೇ ಕ್ಯಾಮೆರಾದ ಇಮೇಜ್ ಸೈಜನ್ನು ಎಲ್‌ನಿಂದ ಎಸ್‌ಗೆ, ಅಂದರೆ ದೊಡ್ಡದರಿಂದ ಚಿಕ್ಕದಕ್ಕೆ, ಇಳಿಸಿದ್ದೆ.

ಈ ವರ್ಷ ಅಜ್ಜಿ ತೀರಿಕೊಂಡರು. ಆ ಫೋಟೋದಲ್ಲಿ ನಕ್ಕ ಹಾಗೆ ಅವರು ಬೇರೆ ಯಾವುದರಲ್ಲೂ ನಕ್ಕಿಲ್ಲ. ಗುಂಪಿನಿಂದ ಅವರೊಬ್ಬರನ್ನೇ ಬಿಡಿಸಿ 8×12 ಇಂಚಿನ ಫ್ರೇಮ್ ಹಾಕಿಸೋಣ ಅಂದುಕೊಂಡೆವು. ಬಿಡಿಸಿದ ಮೇಲೆ ಉಳಿದದ್ದು 700×1050 ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕಿ. ಎಂಟು ಇಂಚಿಗೆ ಹಂಚಿದರೆ ಇಂಚಿಗೆ 87 ಚುಕ್ಕಿ. ಪ್ರಿಂಟ್ ಬಂತು. ಅಜ್ಜಿಯ ಕಣ್ಣಿನ ಸುತ್ತ ಇದ್ದ ಗೆರೆಗಳು ಕರಗಿ ಮುಖ ಮೇಣದ ಹಾಗೆ ಆಗಿತ್ತು. ಎಲ್‌ನಲ್ಲಿ ತೆಗೆದಿದ್ದರೆ ಅದೇ ಜಾಗದಲ್ಲಿ ಅಗಲಕ್ಕೂ ಎತ್ತರಕ್ಕೂ ಎರಡರಷ್ಟು ಪಿಕ್ಸೆಲ್ ಇರುತ್ತಿತ್ತು. ಇದು ನನಗೆ ಬಹಳ ನೋವು ಕೊಟ್ಟಿತು. ಅದಕ್ಕೇ ಈ ಸೆಟ್ಟಿಂಗ್‌ಗಳನ್ನು ಒಂದು ಸಲ ಸರಿಯಾಗಿ ಪಕ್ಕಪಕ್ಕ ಇಟ್ಟು ನೋಡಬೇಕು ಅನಿಸಿತು.

ನನ್ನದು ನಿಕಾನ್ ಡಿ5600, 24 ಮೆಗಾಪಿಕ್ಸೆಲ್. ಅದರಲ್ಲಿ ಎಲ್ ಅಂದರೆ 6000×4000, ಎಂ ಅಂದರೆ 4496×3000, ಎಸ್ ಅಂದರೆ 2992×2000 ಪಿಕ್ಸೆಲ್. ಎಸ್ ಎನ್ನುವುದು ಎಲ್‌ನ ಅರ್ಧ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಎರಡೂ ಕಡೆ ಅರ್ಧ ಆಗುವುದರಿಂದ ಒಟ್ಟು ಪಿಕ್ಸೆಲ್ ಕಾಲು ಭಾಗವಷ್ಟೇ ಉಳಿಯುತ್ತದೆ. ಇನ್ನೊಂದು ಮೆನು ಕ್ವಾಲಿಟಿಯದು: ಫೈನ್, ನಾರ್ಮಲ್, ಬೇಸಿಕ್. ಇಲ್ಲಿ ಪಿಕ್ಸೆಲ್ ಲೆಕ್ಕ ಬದಲಾಗುವುದಿಲ್ಲ. ಫೋಟೋವನ್ನು ಜೆಪೆಗ್ ಫೈಲ್ ಮಾಡುವಾಗ ಎಷ್ಟು ಹಿಂಡಬೇಕು ಅನ್ನುವುದಷ್ಟೇ ಬದಲಾಗುತ್ತದೆ. ಫೈನ್‌ನಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲಿಗೆ, ನಾರ್ಮಲ್‌ನಲ್ಲಿ ಎಂಟರಲ್ಲಿ ಒಂದಕ್ಕೆ, ಬೇಸಿಕ್‌ನಲ್ಲಿ ಹದಿನಾರರಲ್ಲಿ ಒಂದಕ್ಕೆ ಹಿಂಡುತ್ತದೆ.

ಮತ್ತೆ ದುರ್ಗಕ್ಕೆ ಹೋದೆ. ಕೋಟೆ ಗೋಡೆಯ ಮುಂದೆ ಅಣ್ಣನ ಮಗಳನ್ನು ಕೂರಿಸಿದೆ. ಜಡೆಗೆ ಕನಕಾಂಬರ ಮುಡಿದಿದ್ದಳು. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಇಟ್ಟು, ಅಲುಗಾಡಿಸದೆ, ಮೂರು ಸೆಟ್ಟಿಂಗ್‌ನಲ್ಲಿ ತೆಗೆದೆ: ಎಲ್ ಫೈನ್, ಎಲ್ ಬೇಸಿಕ್, ಎಸ್ ಫೈನ್. ಎಲ್ ಫೈನ್ ಫೋಟೋವನ್ನೇ ವಾಟ್ಸಾಪ್‌ನಲ್ಲಿ ಅಣ್ಣನಿಗೆ ಕಳಿಸಿ, ಅವನಿಗೆ ಸಿಕ್ಕಿದ್ದನ್ನು ನಾಲ್ಕನೆಯದು ಮಾಡಿಕೊಂಡೆ. 6000 ಪಿಕ್ಸೆಲ್ ಹೋಗಿ 1600 ಆಗಿತ್ತು. ನಾಲ್ಕನ್ನೂ 4×6 ಮತ್ತು 12×18 ಇಂಚಿನಲ್ಲಿ ಪ್ರಿಂಟ್ ಹಾಕಿಸಿ, ಹಿಂದೆ ಪೆನ್ಸಿಲ್‌ನಲ್ಲಿ ಗುರುತು ಮಾಡಿದೆ. ಸಂಜೆ ಮಂಡಕ್ಕಿ ಮಿರ್ಚಿ ತಿಂದಾದ ಮೇಲೆ ಎಲ್ಲರ ಕೈ ತೊಳೆಸಿ, ಅಮ್ಮ ಮತ್ತು ಪಕ್ಕದ ಮನೆಯವರ ಮುಂದೆ ಹರಡಿದೆ.

4×6ರಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ. ವಾಟ್ಸಾಪ್ ಪ್ರತಿಯೂ ಸೇರಿ! ಲೆಕ್ಕ ಹಾಕಿದರೆ ಇದು ಸರಿಯೇ. 1600ನ್ನು 6ರಿಂದ ಭಾಗಿಸಿದರೆ ಇಂಚಿಗೆ 266 ಬರುತ್ತದೆ. ಒಳ್ಳೆಯ ಕಣ್ಣು ಒಂದಡಿ ದೂರದಿಂದ ನೋಡಿದಾಗ ಇಂಚಿಗೆ ಸುಮಾರು 300 ಚುಕ್ಕಿಯವರೆಗೆ ಮಾತ್ರ ಬಿಡಿಬಿಡಿಯಾಗಿ ಗುರುತಿಸಬಲ್ಲದು. ಪ್ರಿಂಟ್‌ಗೆ ಇಂಚಿಗೆ 300 ಚುಕ್ಕಿ ಬೇಕು ಅಂತ ಫೋಟೋ ಲ್ಯಾಬ್‌ನವರು ಹೇಳುವುದರ ಮೂಲ ಇದೇ.

12×18ರಲ್ಲಿ ಕಥೆ ಬೇರೆ. ಎಲ್ ಫೈನ್‌ಗೆ ಇಂಚಿಗೆ 333 ಸಿಗುತ್ತದೆ. ಕಲ್ಲಿನ ಮೇಲಿನ ಉಳಿ ಏಟು ಒಂದೊಂದೂ ಕಾಣುತ್ತಿತ್ತು. ಕನಕಾಂಬರದ ಎಸಳು ಎಣಿಸಬಹುದಿತ್ತು. ವಾಟ್ಸಾಪ್‌ನದು 89ಕ್ಕೆ ಇಳಿದಿತ್ತು. ಹೂವು ಹೋಗಿ ಕೇಸರಿ ಬಣ್ಣದ ಮುದ್ದೆ ಮಾತ್ರ ಉಳಿದಿತ್ತು. ಇವೆರಡರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ.

ನಿಜವಾದ ಪೈಪೋಟಿ ನಡೆದದ್ದು ಎಲ್ ಬೇಸಿಕ್ ಮತ್ತು ಎಸ್ ಫೈನ್ ನಡುವೆ. ಕಾರ್ಡ್‌ನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಜಾಗ ತಿನ್ನುತ್ತವೆ, ಮೂರು ಎಂಬಿ ಆಸುಪಾಸು. ಜಾಗ ಉಳಿಸಬೇಕಾದಾಗ ನಾವು ಆರಿಸಬೇಕಾದದ್ದು ಇವೆರಡರಲ್ಲಿ ಒಂದನ್ನೇ ಅಲ್ವಾ? ಎಸ್ ಫೈನ್‌ನಲ್ಲಿ ಆಕಾಶ ಬಹಳ ನುಣುಪಾಗಿ ಬಂದಿತ್ತು. ಆದರೆ ಉಳಿ ಏಟುಗಳು ಮಂಕಾಗಿದ್ದವು, ಹಣೆ ಮೇಲಿನ ಮುಂಗುರುಳು ಒಂದಕ್ಕೊಂದು ಅಂಟಿಕೊಂಡಂತಿತ್ತು. ಎಲ್ ಬೇಸಿಕ್‌ನಲ್ಲಿ ಕೂದಲು, ಕಲ್ಲು, ಹೂವು ಎಲ್ಲಾ ಬಿಡಿಸಿ ಕಾಣುತ್ತಿತ್ತು. ಬಂಡೆ ಆಕಾಶಕ್ಕೆ ತಾಗುವ ಅಂಚಿನಲ್ಲಿ ಮಾತ್ರ ಸೊಳ್ಳೆ ಮುತ್ತಿದ ಹಾಗೆ ಸಣ್ಣ ಕಲೆಗಳಿದ್ದವು. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು ಹಿಂಡುತ್ತದೆ. ಜೋರಾಗಿ ಹಿಂಡಿದಾಗ ಗಡುಸು ಅಂಚುಗಳ ಪಕ್ಕದಲ್ಲೇ ಅದರ ಗುರುತು ಏಳುತ್ತದೆ. ಅಮ್ಮ ಎರಡನ್ನೂ ಕಿಟಕಿ ಹತ್ತಿರ ಒಯ್ದು ನೋಡಿ, ಎಲ್ ಬೇಸಿಕ್ ಎತ್ತಿಕೊಂಡರು. ನನ್ನ ಮತವೂ ಅದಕ್ಕೇ. ಆ ಅಂಚಿನ ಕಲೆ ಹುಡುಕಿದರೆ ಮಾತ್ರ ಸಿಗುತ್ತದೆ. ಮುಖದ ಗೆರೆ ಹೋದದ್ದು ಹುಡುಕದೆಯೇ ಕಾಣುತ್ತದೆ.

ಗೋಡೆಗೆ ಒರಗಿಸಿ ಆರಡಿ ಹಿಂದೆ ಸರಿದರೆ ನಾಲ್ಕೂ ಒಂದೇ ಥರ ಕಂಡವು, ನಿಜ. ಆದರೆ ನಮ್ಮವರ ಫೋಟೋನ ಯಾರೂ ಆರಡಿ ದೂರ ನಿಂತು ನೋಡುವುದಿಲ್ಲ. ಹತ್ತಿರ ಹೋಗಿ, ಗಾಜಿಗೆ ಮೂಗು ತಾಗುವ ಹಾಗೆ ನೋಡುತ್ತಾರೆ.

ಫ್ಲೆಕ್ಸ್ ಇದಕ್ಕೆ ಉಲ್ಟಾ. ಜಾತ್ರೆಗೆ ನಮ್ಮ ಓಣಿಯವರು 9×6 ಅಡಿಯ ಫ್ಲೆಕ್ಸ್ ಮಾಡಿಸಿದಾಗ ನನ್ನದೇ ಒಂದು ಎಸ್ ಸೈಜಿನ ಫೋಟೋ ಕೊಟ್ಟೆ. ಇಂಚಿಗೆ 28 ಚುಕ್ಕಿ ಅಷ್ಟೇ. ರಸ್ತೆಯ ಆಚೆ ಬದಿಯಿಂದ ಚೊಕ್ಕವಾಗಿ ಕಾಣುತ್ತಿತ್ತು. ಹತ್ತಡಿ ದೂರದಿಂದ ಕಣ್ಣಿಗೆ 30ಕ್ಕಿಂತ ಜಾಸ್ತಿ ಬೇಕಾಗುವುದೂ ಇಲ್ಲ. ಫ್ಲೆಕ್ಸ್ ದೊಡ್ಡದು, ಹಾಗಾಗಿ ಫೈಲೂ ದೊಡ್ಡದೇ ಇರಬೇಕು ಅಂತ ಒದ್ದಾಡುವವರು ಇದನ್ನು ನೋಡಬೇಕು.

ಇನ್ನೊಂದು ಮಾತು. ಲ್ಯಾಬ್‌ನಲ್ಲಿ ಒಬ್ಬರು ನನ್ನ ಫೈಲ್ ತೆರೆದು, ಇದು 72 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಅಂತ) ಇದೆ, 300 ಮಾಡಿಕೊಂಡು ಬನ್ನಿ ಅಂದಿದ್ದರು. ಅದನ್ನೂ ಪರೀಕ್ಷೆ ಮಾಡಿದೆ. ಅದೇ 6000×4000 ಫೈಲನ್ನು ಒಮ್ಮೆ 72 ಅಂತ, ಒಮ್ಮೆ 300 ಅಂತ ಬರೆದು ಒಂದೇ ಅಳತೆಯಲ್ಲಿ ಪ್ರಿಂಟ್ ಹಾಕಿಸಿದೆ. ಎಳ್ಳಷ್ಟೂ ವ್ಯತ್ಯಾಸವಿಲ್ಲ. ಅದು ಫೈಲ್ ಮೇಲೆ ಅಂಟಿಸಿದ ಚೀಟಿ ಇದ್ದ ಹಾಗೆ. ಚೀಟಿ ಬದಲಿಸಿದರೆ ಒಳಗಿನ ಸಾಮಾನು ಬದಲಾಗುವುದಿಲ್ಲ. ಫೋಟೋಶಾಪ್‌ನಲ್ಲಿ ರೀಸ್ಯಾಂಪಲ್ (ಪಿಕ್ಸೆಲ್ ಲೆಕ್ಕವನ್ನೇ ಬದಲಿಸುವ ಆಯ್ಕೆ) ಟಿಕ್ ಮಾಡಿ 300ಕ್ಕೆ ಏರಿಸಿದರೆ ಫೈಲ್ ಊದಿಕೊಳ್ಳುತ್ತದೆ. ಇಲ್ಲದ ಗೆರೆ ಹುಟ್ಟಿಕೊಳ್ಳುವುದಿಲ್ಲ. ಅಜ್ಜಿಯ ಫೋಟೋಗೆ ನಾನು ಮೊದಲು ಮಾಡಿ ನೋಡಿದ್ದು ಅದನ್ನೇ.

ಈಗ ನನ್ನ ಕ್ಯಾಮೆರಾ ಯಾವಾಗಲೂ ಎಲ್‌ನಲ್ಲೇ ಇರುತ್ತದೆ. ದಿನದ ಫೋಟೋಗೆ ನಾರ್ಮಲ್, ಮದುವೆ ಮುಂಜಿಗೆ ಫೈನ್, ಕಾರ್ಡ್ ತುಂಬುತ್ತಾ ಬಂದರೆ ಬೇಸಿಕ್. ಲ್ಯಾಬ್‌ಗೆ ವಾಟ್ಸಾಪ್‌ನಲ್ಲಿ ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಅಂತ ಕಳಿಸುತ್ತೇನೆ. ಆಗ ಫೈಲ್ ಇದ್ದ ಹಾಗೇ ಹೋಗುತ್ತದೆ.

ಅಜ್ಜಿಯ ಫೋಟೋವನ್ನು 4×6ರಲ್ಲಿ ಹಾಕಿಸಿದೆವು. ಅದಕ್ಕೆ ಇಂಚಿಗೆ 175 ಬರುತ್ತದೆ, ಕಣ್ಣಿನ ಗೆರೆಗಳು ಉಳಿದುಕೊಂಡಿವೆ. ಸುತ್ತ ಅಗಲವಾದ ಬಿಳಿ ಮೌಂಟ್ ಇಟ್ಟು ದೇವರ ಕೋಣೆಯ ಪಕ್ಕದ ಗೋಡೆಗೆ ತೂಗು ಹಾಕಿದ್ದೇವೆ.